ಕೊನೆಯ ಆರು ಅಧ್ಯಾಯಗಳ ಅಕ್ಷರ

ಸೋಮವಾರ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಗುರುವಾರ ಶುಭಾ ಅವರ ಕೈಗೆ ಹಸ್ತಪ್ರತಿ ಬಂತು.

ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ಶುಭಾ ಜಯನಗರದ ಮನೆಯಲ್ಲಿ ಕೂತು ಮೂರು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದರು. ಗೌರೀಶಂಕರರ ‘ಹನ್ನೊಂದನೇ ತಂತಿ’ ಎಂಬ ಗೂಢಚಾರ ಕಾದಂಬರಿಗೆ ಪಾಠಾಂತರ, ಟಿಪ್ಪಣಿಗಳ ಸಮೇತ ಹೊಸ ಆವೃತ್ತಿ ಸಿದ್ಧಪಡಿಸುವುದು. 1968ರಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದ ಕಾದಂಬರಿ ಅದು. ಹಸ್ತಪ್ರತಿ ಕಳೆದುಹೋಗಿದೆ ಎಂದೇ ಎಲ್ಲರೂ ನಂಬಿದ್ದರು. ಲೇಖಕರ ಮೊಮ್ಮಗ, ಈಗ ಅಪ್ಪನ ಪರವಾಗಿ ಕೃತಿಯ ಹಕ್ಕುಗಳನ್ನು ನೋಡಿಕೊಳ್ಳುವ ರೇವಂತ್ ಗಿರಿನಗರದ ಮನೆಯ ಅಟ್ಟದಲ್ಲಿ ಸಿಕ್ಕ ಕಟ್ಟನ್ನು ಖುಷಿಯಿಂದ ತಂದುಕೊಟ್ಟಿದ್ದ.

ಕೊನೆಯ ಆರು ಅಧ್ಯಾಯಗಳ ಕೈಬರಹ ಬೇರೆಯದಾಗಿತ್ತು. ನಕಲು ಮಾಡಿದ್ದಲ್ಲ, ಒಂದೊಂದು ವಾಕ್ಯವನ್ನೂ ಹೊಡೆದುಹಾಕಿ ಎರಡು ಮೂರು ಸಲ ಬರೆದಿತ್ತು. ಗಂಟಲಿನ ಆಪರೇಷನ್ ಆಗಿ ಮಾತು ನಿಂತಿದ್ದ ತಿಂಗಳುಗಳಲ್ಲಿ ಗೌರೀಶಂಕರರು ಆಸ್ಪತ್ರೆಯ ಹಾಸಿಗೆಯಲ್ಲೇ ಕಾದಂಬರಿ ಮುಗಿಸಿದರು ಎಂಬುದು ಎಲ್ಲರೂ ಹೇಳುವ ಕಥೆ. ಶುಭಾ ಕೂಡ ಪ್ರಸ್ತಾವನೆಯಲ್ಲಿ ಹನ್ನೆರಡು ಪುಟ ಅದನ್ನೇ ಹೊಗಳಿದ್ದರು. ರೇವಂತನಿಗೆ ಹೇಳಿದರೆ ಅನುಮತಿ ವಾಪಸ್ ಪಡೆಯಬಹುದು. ಹೇಳದಿದ್ದರೆ, ತಿಳಿದೂ ತಿಳಿದೂ ಸುಳ್ಳು ಅಚ್ಚು ಹಾಕಿಸಿದಂತೆ. ತಟ್ಟೆಗೆ ಬಡಿಸಿಕೊಂಡ ಅನ್ನ ಹಾಗೇ ಆರಿತು.

ಮಾರನೆಯ ದಿನ ಬೆಳಗ್ಗೆ ಆಟೋ ಹಿಡಿದು ಗಿರಿನಗರಕ್ಕೆ ಹೋದರು. ಗೌರೀಶಂಕರರ ಹೆಂಡತಿ ಜಯದೇವಿ ವರಾಂಡದಲ್ಲಿ ಅವರೆಕಾಳು ಬಿಡಿಸುತ್ತಿದ್ದರು. ವಯಸ್ಸು ಎಂಬತ್ತಾರು. ರೇವಂತ್ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಅಜ್ಜಿಯೊಬ್ಬರೇ ಸಿಗಬಹುದೆಂದು ಶುಭಾ ಅಂದುಕೊಂಡಿದ್ದರು. ಆದರೂ ಹಸ್ತಪ್ರತಿಯ ಒಂದು ಹಾಳೆ ಚಾಚಿದರು.

“ಅಮ್ಮ, ಇದು ಯಾರ ಅಕ್ಷರ?”

ಜಯದೇವಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. “ನಂದೇ. ಅವ್ರು ಹೇಳಿದ್ರು, ನಾನು ಬರ್ಕೊಂಡೆ.”

“ಆಗ ಅವ್ರಿಗೆ ಮಾತಾಡಕ್ಕೆ ಆಗ್ತಿರ್ಲಿಲ್ಲ ಅಲ್ವಾ?”

ರೇವಂತ್ ತಲೆ ಎತ್ತಿದ. “ಮೇಡಂ, ನೀವು ಏನ್ ಹೇಳ್ತಿದೀರ?”

ಜಯದೇವಿ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು.

“ಪತ್ರಿಕೆಯವ್ರು ವಾರವಾರ ಆಳು ಕಳಿಸ್ತಿದ್ರು. ಇವ್ರಿಗೆ ಪೆನ್ನು ಹಿಡಿಯೋ ಶಕ್ತಿ ಇರ್ಲಿಲ್ಲ. ಒಂದು ವಾರ ಬರೆದು ಕೊಟ್ಟೆ. ಯಾರಿಗೂ ಗೊತ್ತಾಗ್ಲಿಲ್ಲ. ಆಮೇಲೆ ನಾನೇ ಮುಗಿಸ್ದೆ. ಸ್ವಲ್ಪ ಸುಧಾರಿಸ್ಕೊಂಡ ಮೇಲೆ ಇವ್ರು, ನಾನಿರೋ ತನಕ ಹೇಳ್ಬೇಡ ಅಂತ ಚೀಟೀಲಿ ಬರೆದು ತೋರಿಸಿದ್ರು.”

“ತಾತ ಹೋಗಿ ನಲವತ್ತು ವರ್ಷ ಆಯ್ತಲ್ಲಜ್ಜಿ,” ಎಂದ ರೇವಂತ್.

“ಯಾರೂ ಕೇಳ್ಲಿಲ್ಲ ಕಣೋ.”

ರೇವಂತ್ ಎದ್ದು ಒಳಗೆ ಹೋದ. ಮತ್ತೆ ಬಾಗಿಲವರೆಗೆ ಬಂದು, “ಸ್ವಲ್ಪ ಟೈಮ್ ಕೊಡಿ ಮೇಡಂ. ಅಪ್ಪನ ಹತ್ರ ಮಾತಾಡ್ಬೇಕು,” ಎಂದಷ್ಟೇ ಹೇಳಿದ.

ಶುಭಾ ಅಂದೇ ಪ್ರಕಾಶಕರಿಗೆ ಫೋನ್ ಮಾಡಿ ಅಚ್ಚು ನಿಲ್ಲಿಸಿದರು. ಅವರು ರೇಗಿದರು, ಬಿಡುಗಡೆಯ ಆಹ್ವಾನ ಪತ್ರಿಕೆಯೇ ಹಂಚಿ ಆಗಿತ್ತು. ಶನಿವಾರ, ಭಾನುವಾರ ಕಳೆದರೂ ರೇವಂತನಿಂದ ಸುದ್ದಿಯಿಲ್ಲ. ಶುಭಾ ಪ್ರಸ್ತಾವನೆಯ ಆ ಹನ್ನೆರಡು ಪುಟ ಕಿತ್ತುಹಾಕಿ ಹೊಸದಾಗಿ ಬರೆಯಲು ಕೂತರು. ಅದು ಅಚ್ಚಾಗುತ್ತದೋ ಇಲ್ಲವೋ ಗೊತ್ತಿಲ್ಲದೆಯೇ ಬರೆದರು.

ಮಂಗಳವಾರ ರೇವಂತ್ ಅಜ್ಜಿಯನ್ನೇ ಕಾರಿನಲ್ಲಿ ಕರೆದುಕೊಂಡು ಬಂದ. “ಅಪ್ಪ ಒಪ್ಪಿದ್ದಾರೆ. ಪೂರ್ತಿ ಮನಸ್ಸಿಂದ ಅಲ್ಲ,” ಎಂದ.

ಶುಭಾ ಕುರ್ಚಿಗೆ ಒರಗಿದರು. ಆಮೇಲೆ ಮುಖಪುಟದ ಕರಡು ತೆಗೆದು, “ನಿಮ್ಮ ಹೆಸರು ಎಲ್ಲಿ ಹಾಕ್ಲಿ ಅಮ್ಮ?” ಎಂದು ಕೇಳಿದರು.

“ಅಯ್ಯೋ, ನಂದ್ಯಾಕೆ,” ಎಂದರು ಜಯದೇವಿ. ಗಂಡನ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ಹೇಳಿದರು: “ಕೆಳಗೆ ಹಾಕಿ. ಅಕ್ಷರ ಅವ್ರ ಹೆಸರಿನಷ್ಟೇ ದಪ್ಪ ಇದ್ರೆ ಸಾಕು.”