ಇನ್ನೊಂದು ಸಲ ಹೇಳು

ಅಕ್ಕನ ಕೈಗಳು ಗಾಳಿಯಲ್ಲೇ ನಿಂತುಬಿಟ್ಟವು. ಕ್ಯಾಂಟೀನಿನ ಕಿಟಕಿಯಿಂದ ಬಿದ್ದ ಸಂಜೆ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಅವಸರವಿಲ್ಲದೆ ತೇಲುತ್ತಿದ್ದವು. ಆ ಕೈಗಳೂ ಅವುಗಳ ಜೊತೆ ತೇಲಿಹೋಗಿಬಿಡುತ್ತವೇನೋ ಎಂದು ತಂಗಿಗೆ ಅನ್ನಿಸಿತು. ಬೆಂಚುಗಳ ಮೇಲೆ ಕೂತವರು ನಗುತ್ತಿದ್ದರು. ನಗಿಸಿದ್ದು ತಂಗಿಯೇ.

"ಮತ್ತೆ ಅದನ್ನೇ ಹೇಳ್ತಿದಾಳೆ," ಎಂದಿದ್ದಳು, ಅಷ್ಟೇ.

ಹುಟ್ಟಿನಿಂದ ಕಿವಿ ಕೇಳದ ಅಕ್ಕನಿಗೆ ತಂಗಿಯೇ ಬಾಯಿ. ನೂಲಿನ ಗಿರಣಿಗೆ ಹೊಸ ಯಂತ್ರಗಳು ಬಂದಿದ್ದವು, ಅಪಾಯವಾದರೆ ಗಂಟೆ ಹೊಡೆಯುವಂಥವು. ಅಕ್ಕನಂತೆ ಗಂಟೆ ಕೇಳದವರೆಲ್ಲ ಯಂತ್ರದ ಹತ್ತಿರ ಬೇಡ, ನೆಲಮಾಳಿಗೆಯಲ್ಲಿ ಕಸದ ಹತ್ತಿ ಆರಿಸಿಕೊಂಡಿರಲಿ ಎಂಬುದು ಮ್ಯಾನೇಜರರ ಆಲೋಚನೆ. ಗಂಟೆಯ ಪಕ್ಕ ಒಂದು ಕೆಂಪು ದೀಪ ಹಾಕಿದರೆ ಸಾಕು ಎಂದು ಕೇಳಲು, ಅವರು ಕ್ಯಾಂಟೀನಿನಲ್ಲಿ ಕರೆದ ಸಭೆಯಲ್ಲಿ ಅಕ್ಕ ಎದ್ದು ನಿಂತಿದ್ದಳು. ಗಿರಣಿಯ ಗದ್ದಲದಲ್ಲಿ ಕಿವಿಯಿದ್ದವರೂ ಕೈಸನ್ನೆಯಲ್ಲೇ ಕೆಲಸ ಸಾಗಿಸುತ್ತಾರೆ ಎನ್ನುವುದು ಮ್ಯಾನೇಜರರಿಗೆ ಹೊಳೆದಿರಲಿಲ್ಲ.

ಅಕ್ಕನಿಗೆ ಭಾಷಣದ ಹುಚ್ಚು ಹಿಡಿದದ್ದು ಹೋದ ಭಾನುವಾರ. ಟಿವಿಯಲ್ಲಿ ಹಳೆಯ ಕಪ್ಪುಬಿಳುಪು ಚಿತ್ರ ಬರುತ್ತಿತ್ತು. ಕಣ್ಣು ಹಾಯುವಷ್ಟು ದೂರ ಜನ, ಅವರೆದುರು ತನ್ನ ಕಪ್ಪು ಜನಾಂಗದ ಹಕ್ಕಿಗಾಗಿ ಮಾತಾಡುತ್ತಿದ್ದ ಒಬ್ಬ ಪಾದ್ರಿ. ಲೋಕವೆಲ್ಲ ಬಲ್ಲ ಭಾಷಣ. ಕೆಳಗೆ ಓಡುವ ಅಕ್ಷರಗಳನ್ನು ಓದುತ್ತಿದ್ದ ಅಕ್ಕ ತಂಗಿಯ ಮೊಣಕೈ ಎಳೆದಳು. "ಹೇಳಿದ್ದನ್ನೇ ಯಾಕೆ ಮತ್ತೆ ಮತ್ತೆ ಹೇಳ್ತಾನೆ?" ಎಂದವು ಅವಳ ಕೈಗಳು.

ಕಾಲೇಜಿನಲ್ಲಿ ಆ ಭಾಷಣವನ್ನು ಪಾಠವಾಗಿ ಓದಿದ್ದ ತಂಗಿ ಜಂಬದಿಂದಲೇ ವಿವರಿಸಿದಳು. ಸಾಲುಸಾಲನ್ನೂ ಒಂದೇ ಮಾತಿನಿಂದ ಎತ್ತಿಕೊಳ್ಳುವುದು, ಕತ್ತಲೆಯ ಎದುರಿಗೆ ಬೆಳಕನ್ನು ತಂದಿಡುವುದು, ಎಲ್ಲಕ್ಕೂ ಹೆಸರಿದೆ, ಪರೀಕ್ಷೆಗೂ ಬರುತ್ತಿತ್ತು. "ಕೇಳೋರಿಗೆ ನೆನಪಿರ್ಲಿ ಅಂತ ಹಾಗೆ ಹೇಳೋದು ಕಣಕ್ಕ."

ಅಕ್ಕ ಒಪ್ಪಲಿಲ್ಲ. "ಅದಲ್ಲ. ಮೊದಲ್ನೇ ಸಲ ಯಾರೂ ಕೇಳಿಸ್ಕೊಂಡಿರಲ್ಲ. ಅದಕ್ಕೆ."

ಅಂದಿನಿಂದ ಕನ್ನಡಿಯ ಮುಂದೆ ಅವಳ ಅಭ್ಯಾಸ ನಡೆದೇ ಇತ್ತು. ನಿದ್ದೆಯಲ್ಲೂ ಬೆರಳುಗಳು ಹೊದಿಕೆಯ ಮೇಲೆ ಮೆಲ್ಲಗೆ ಅಲ್ಲಾಡುತ್ತಿದ್ದವು. ಕನಸಿನಲ್ಲಿ ಎಷ್ಟು ಸಾವಿರ ಜನ ಅವಳನ್ನು ನೋಡುತ್ತ ಕೂತಿದ್ದರೋ!

ಈಗ ಎದುರಿಗಿದ್ದದ್ದು ಒಂದು ಕ್ಯಾಂಟೀನಿನಷ್ಟು ಜನ. ಎರಡು ಬೆರಳನ್ನು ಕಣ್ಣ ಕೆಳಗೆ ಮುಟ್ಟಿಸಿ, ಅಲ್ಲಿಂದ ಜನರತ್ತ ಚಾಚಿದ್ದಳು. "ನಮಗೆ ಕಣ್ಣಿದೆ," ಎಂದು ತಂಗಿ ಸರಿಯಾಗೇ ಹೇಳಿದಳು. ಎರಡನೆಯ ಸಲ ಬರೀ "ಕಣ್ಣಿದೆಯಂತೆ" ಎಂದಳು. ಮೂರನೆಯ ಸಲಕ್ಕೆ ಆ ನಗೆಮಾತು ಬಾಯಿಗೆ ಬಂತು.

ಅಕ್ಕನ ಮಾತನ್ನು ಮೊಟಕು ಮಾಡುವುದು ಅವಳ ಹಳೇ ಚಾಳಿ. ಒಮ್ಮೆ ಮದುವೆಯ ಮಾತು ತಂದವರ ಎದುರು ಅಕ್ಕ ಕೈ ಸೋಲುವಷ್ಟು ಹೇಳಿದ್ದಳು, ಯೋಚಿಸಲು ಒಂದಿಷ್ಟು ಸಮಯ ಕೊಡಿ ಎಂದು. ತಂಗಿ "ಬೇಡವಂತೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಅವರು ಎದ್ದು ಹೋದರು.

ಅಕ್ಕ ಈಗ ತಂಗಿಯ ತುಟಿಗಳನ್ನೇ ನೋಡುತ್ತಿದ್ದಳು. ಅವು ಆಡಿದ್ದನ್ನು ಪೂರ್ತಿ ಓದಿಕೊಂಡಿದ್ದಳು. ತಂಗಿಗೆ ನೆಲ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು.

ಅಕ್ಕ ಮ್ಯಾನೇಜರರಿಗೆ ಬೆನ್ನು ಹಾಕಿ ತಂಗಿಯ ಕಡೆ ತಿರುಗಿದಳು. ಎರಡು ಬೆರಳು ಕಣ್ಣ ಕೆಳಗಿಂದ ಹೊರಟು ತಂಗಿಯ ಎದೆಯ ಹತ್ತಿರ ನಿಂತವು.

"ನಮಗೆ ಕಣ್ಣಿದೆ," ಎಂದಳು ತಂಗಿ. "ಎಳೆ ಹರಿಯೋದು ಗಂಟೆಗಿಂತ ಮುಂಚೆ ನಮಗೆ ಕಾಣುತ್ತೆ."

"ಅರ್ಥ ಆಯ್ತಮ್ಮ, ಮುಂದೆ ಹೇಳಿ," ಎಂದರು ಮ್ಯಾನೇಜರರು.

ಬೆರಳುಗಳು ಮತ್ತೆ ಕಣ್ಣಿಗೆ ಹೋದವು. "ನಮಗೆ ಕಣ್ಣಿದೆ. ಮೇಸ್ತ್ರಿ ಅಷ್ಟು ದೂರ ನಿಂತು ಬೈದ್ರೂ ತುಟಿ ನೋಡಿ ತಿಳ್ಕೋತೀವಿ."

ಮೇಸ್ತ್ರಿ ಗಬಕ್ಕನೆ ಬಾಯಿಗೆ ಕೈ ಅಡ್ಡ ಹಿಡಿದ. ಈ ಸಲ ಎಲ್ಲರ ಜೊತೆ ಅಕ್ಕನೂ ನಕ್ಕಳು.

"ನಮಗೆ ಕಣ್ಣಿದೆ. ಕತ್ತಲೆಗೆ ಕಳಿಸಬೇಡಿ, ಒಂದು ದೀಪ ಹಾಕಿ."

ತಂಗಿ ಒಂದಕ್ಷರವನ್ನೂ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕಿವಿ ಕೇಳುವ ಹೆಂಗಸೊಬ್ಬಳು ಎರಡು ಬೆರಳನ್ನು ಕಣ್ಣ ಕೆಳಗೆ ಮುಟ್ಟಿಸಿ ಮುಂದೆ ಚಾಚಿದಳು. ಅವಳನ್ನು ನೋಡಿ ಪಕ್ಕದವಳು, ಆಮೇಲೆ ಇಡೀ ಸಾಲು. ಸದ್ದೇ ಇರಲಿಲ್ಲ. ಹತ್ತಿಯ ಎಳೆಗಳು ಆ ಕೈಗಳ ನಡುವೆ ಸುಳಿದಾಡುತ್ತಿದ್ದವು.

ಮ್ಯಾನೇಜರರು ಬಾಗಿಲ ಬಳಿ ನಿಂತಿದ್ದ ಗಿರಣಿಯ ಎಲೆಕ್ಟ್ರಿಷಿಯನ್ ಕಡೆ ತಿರುಗಿದರು. "ದೀಪಕ್ಕೆ ವಯರು ಗಂಟೇತನಕ ಎಳೀಬಹುದಾ?"

"ಅದೇನ್ ಮಹಾ ಸಾರ್," ಎಂದ ಅವನು.

ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಚಪ್ಪಲಿ ಕೂಡ ಬಿಡದೆ ಅಕ್ಕ ಅಡುಗೆಮನೆಯ ಮಬ್ಬಿನಲ್ಲಿ ಅಮ್ಮನೆದುರು ಕೈಯಾಡಿಸತೊಡಗಿದಳು. ಬಾ, ಹೋಗು, ಉಣ್ಣು ಎಂಬಷ್ಟು ಸನ್ನೆ ಮಾತ್ರ ಬಲ್ಲ ಅಮ್ಮ ಎಂದಿನಂತೆ ಚಿಕ್ಕವಳನ್ನು ಕೇಳಿದಳು, "ಏನಂತಾಳೆ?"

"ಏನಿಲ್ಲ..." ಎಂದು ನಾಲಿಗೆ ತುದಿಗೆ ಬಂದದ್ದನ್ನು ತಂಗಿ ನುಂಗಿಕೊಂಡಳು. ಒಲೆ ಆರಿಸಿ, ಅಮ್ಮನಿಗೊಂದು ಸ್ಟೂಲು ಎಳೆದುಕೊಟ್ಟಳು. ಆಮೇಲೆ ಅಕ್ಕನ ಕೈಗಳು ಕಾಣಲಿ ಎಂದು ದೀಪ ಹಾಕಿದಳು.