ಬೀಳ್ಕೊಡುವ ಬಡಿತ

“ಮಾವ, ನೀವು ಏನೂ ನೋಡಿಲ್ಲ. ಅಷ್ಟೇ. ನೋಡಿಲ್ಲ ಅಂದ್ಕೊಂಡ್ಬಿಡಿ,” ಎಂದ ಇಬುಕಿ, ತಣ್ಣೀರಿನ ತೊಟ್ಟಿಯಿಂದ ಏಳದೆ.

ನೊಬುವೊ ನೆಲ ಉಜ್ಜುತ್ತಿದ್ದ ಬ್ರಷ್ಷನ್ನು ಗೋಡೆಗೊರಗಿಸಿ ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಊರವರೆಲ್ಲ ಕಾಸು ಕೊಟ್ಟು ಮೀಯಲು ಬರುವ ಅವನ ಸ್ನಾನದಮನೆಯ ಬಾಗಿಲಿಗೆ, ತೆರೆದಿದೆ ಎಂದು ತಿಳಿಸುವ ಪರದೆಯನ್ನು ಇನ್ನೂ ನೇತುಹಾಕಿರಲಿಲ್ಲ. ಗಿರಾಕಿಗಳು ಬರುವ ಮುಂಚೆ ಈ ಹುಡುಗ ಹಿಂಬಾಗಿಲಿಂದ ಬಂದು ಒಬ್ಬನೇ ನೀರಿಗಿಳಿಯುವುದು ಮೂರು ವಾರದಿಂದ ನಡೆದಿತ್ತು. ತರಬೇತಿ ಮುಗಿಸಿ ಬರ್ತೀನಿ, ಜನ ಇದ್ರೆ ಫೋಟೋ ಕೇಳ್ತಾರೆ ಅಂತ ಹೇಳಿದ್ದ. ಇರಬಹುದು ಎಂದು ನೊಬುವೊ ನಂಬಿದ್ದ. ಮೀನು ಮಾರ್ಕೆಟ್ಟಿನ ಬಾಗಿಲಲ್ಲೂ ಇವನದೇ ಪೋಸ್ಟರ್ ಇರುವ ಊರು ಇದು. ಇವತ್ತು ಇಬುಕಿ ತೊಟ್ಟಿಗೆ ಇಳಿಯುವಾಗ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡದ್ದನ್ನು ಕಂಡ ಮೇಲೆ ನಂಬಿಕೆ ಉಳಿಯಲಿಲ್ಲ. ಮಂಡಿ ಊದಿ ಮಂಡಿಯ ಆಕಾರವೇ ಕಳೆದುಕೊಂಡಿತ್ತು.

“ಎಷ್ಟು ದಿನ ಆಯ್ತೋ?”

“ನೋಡಿಲ್ಲ ಅಂದ್ನಲ್ಲ. ನೋಡ್ದೇ ಇದ್ದೋರು ಪ್ರಶ್ನೆ ಕೇಳಲ್ಲ.”

“ತಲೆಹರಟೆ ಮಾಡ್ಬೇಡ. ಟೀಮ್ ಡಾಕ್ಟ್ರಿಗೆ ಗೊತ್ತಾ?”

ಇಬುಕಿ ನೀರನ್ನು ಬೊಗಸೆಯಲ್ಲಿ ತುಂಬಿ ಮುಖಕ್ಕೆ ಹಾಕಿಕೊಂಡ. ಹತ್ತೊಂಬತ್ತು ವರ್ಷದ ಹುಡುಗ. ಎರಡು ಬೀದಿ ಆಚೆ ಬೆಳೆದವನು. ಊರಿನ ಮಿಸೊನೊ ಫುಟ್‌ಬಾಲ್ ತಂಡದ ಮಕ್ಕಳ ಶಾಲೆಗೆ ಸೇರಿದ ವರ್ಷ ಹಲ್ಲಿಲ್ಲದ ಬಾಯಲ್ಲಿ ಇದೇ ಸ್ನಾನದಮನೆಯ ಗೋಡೆಗೆ ಚೆಂಡು ಒದ್ದು ನೊಬುವೊನ ಹೆಂಡತಿ ಫುಸಾಎಯಿಂದ ಬೈಸಿಕೊಂಡವನು. ಈಗ ಎರಡನೆಯ ದರ್ಜೆಯ ಲೀಗಿನಲ್ಲಿ ಎಡಗಡೆಯ ಅಂಚಿನಲ್ಲಿ ಅವನು ಚೆಂಡು ಹಿಡಿದರೆ ಎದುರಾಳಿ ಊರಿನವರೂ ಕೂತಲ್ಲಿಂದ ಏಳುತ್ತಿದ್ದರು.

“ಶನಿವಾರ ಬೆಲ್ಜಿಯಂನಿಂದ ಕ್ಲಬ್ಬಿನೋರು ಬರ್ತಾ ಇದ್ದಾರೆ, ಮಾವ. ನನ್ನ ನೋಡೋಕೇ. ಇದೊಂದು ಆಟ. ಆಮೇಲೆ ನಾನೇ ಹೇಳ್ತೀನಿ, ಬೇಕಾದ್ರೆ ನೀವೇ ಕಿವಿ ಹಿಡ್ಕೊಂಡು ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಈ ಸಲ ನೋಡ್ದೆ ಹೋದ್ರೆ ಮಿಸೊನೊ ಅನ್ನೋ ಊರು ಎಲ್ಲಿದೆ ಅಂತ ಯಾರು ಮತ್ತೆ ಹುಡುಕ್ಕೊಂಡು ಬರ್ತಾರೆ?”

ಹಿಂದೆ ಇದೇ ತೊಟ್ಟಿಯಲ್ಲಿ ತಂಡದ ಸಕಾಕುರ ಎಂಬ ಮುಂಚೂಣಿ ಆಟಗಾರ ಕೂರುತ್ತಿದ್ದ. ‘ಸ್ವಲ್ಪ ಬಿಗಿ ಅಷ್ಟೇ’ ಎನ್ನುತ್ತಿದ್ದ. ಒಂದು ಭಾನುವಾರ ಯಾರೂ ಮುಟ್ಟದೆ ಮೈದಾನದ ನಡುವೆ ಕುಸಿದವನು ಮತ್ತೆ ಬೂಟು ಕಟ್ಟಲಿಲ್ಲ. ಈಗ ಪಕ್ಕದ ಊರಿನಲ್ಲಿ ಟೈರಿನಂಗಡಿ ಇಟ್ಟಿದ್ದಾನೆ, ಕಂಡಾಗ ನಗುತ್ತಾನೆ, ಫುಟ್‌ಬಾಲಿನ ಮಾತು ಎತ್ತುವುದಿಲ್ಲ.

“ಮಾತು ಕೊಡಿ,” ಎಂದ ಇಬುಕಿ.

ನೊಬುವೊ ಕೊಟ್ಟುಬಿಟ್ಟ. ಯಾಕೆ ಕೊಟ್ಟೆ ಎಂದು ಆಮೇಲೆ ಬ್ರಷ್ಷು ಹಿಡಿದು ನೆಲದ ಅದೇ ಟೈಲನ್ನು ಮತ್ತೆ ಮತ್ತೆ ಉಜ್ಜಿದ. ಹುಡುಗನ ಮುಖ ನೋಡಿ ಕೊಟ್ಟೆನೇ? ಅಥವಾ ನಮ್ಮ ಊರಿನ ಹುಡುಗನೊಬ್ಬ ಯುರೋಪಿನಲ್ಲಿ ಆಡುವುದನ್ನು ಕಾಣಬೇಕೆಂಬ ಚಪಲ ತನಗೂ ಇತ್ತೇ? ಉತ್ತರ ಗೊತ್ತಿದ್ದದ್ದೇ ಅವನನ್ನು ಹೆಚ್ಚು ಚುಚ್ಚಿತು.

ಶುಕ್ರವಾರದ ಊಟಕ್ಕೆ ಸುಟ್ಟ ಬಂಗುಡೆ ಮುಂದಿಟ್ಟರೂ ಅವನ ತಿನ್ನುವ ಕಡ್ಡಿಗಳು ಮೇಲೆ ಏಳಲಿಲ್ಲ. ಫುಸಾಎ ಎರಡು ಸಲ ನೋಡಿದಳು, ಮೂರನೆಯ ಸಲ ಕೇಳಿಯೇಬಿಟ್ಟಳು. ಅವನು ಹೇಳಿದ. ಹೆಂಡತಿಗೆ ಹೇಳಿದರೆ ಮಾತು ಮುರಿದಂತಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಹೇಳಿದ.

“ಹಾಗಾದ್ರೆ ಕೋಚಿಗೆ ಫೋನ್ ಮಾಡಿ.”

“ಮಾತು ಕೊಟ್ಟಿದ್ದೀನಿ ಕಣೇ. ಮೇಲಾಗಿ ನಾವು ಗ್ಯಾಲರಿಯೋರು. ಯಾರು ಆಡ್ಬೇಕು ಯಾರು ಬೇಡ ಅಂತ ನಾವು ಬಾಯಿ ಹಾಕಿದ್ರೆ ನಾಳೆ ಊರಲ್ಲಿರೋ ಪ್ರತಿ ಕುಡುಕನೂ ಕೋಚ್ ಆಗ್ತಾನೆ.”

“ನೀವು ಹೀಗೇನೇ. ನನ್ನ ತಂಗಿ ಮದುವೇಲೂ ಹೀಗೇ. ಬಾಯಿ ಬಿಟ್ಟು ಹೇಳೋಕೆ ಆಗಲ್ಲ. ಡೋಲು ಮಾತ್ರ ಊರಿಗೆಲ್ಲ ಕೇಳೋ ಹಾಗೆ ಬಡೀತೀರಿ.”

ಡೋಲಿನ ಮಾತು ನಿಜ. ಗೋಲಿನ ಹಿಂದಿನ ಗ್ಯಾಲರಿಯಲ್ಲಿ ದೊಡ್ಡ ಡೋಲು ನೊಬುವೊನದು. ತಂಡ ಹುಟ್ಟಿದಾಗಿನಿಂದಲೂ ಅವನದೇ. ಅವನ ಎದುರಿಗೆ, ಎತ್ತರದ ಹಲಗೆಯ ಮೇಲೆ, ಮೆಗಾಫೋನು ಹಿಡಿದು ಕೊಹೇಯಿ ನಿಲ್ಲುತ್ತಿದ್ದ. ಕೆಲಸ ಮಾಡುವ ಅಂಚೆ ಕಚೇರಿಯಲ್ಲಿ ಪಿಸುಮಾತಿನವನು, ಇಲ್ಲಿ ಸಿಂಹ. ಅವನು ಇಡೀ ಆಟ ಮೈದಾನಕ್ಕೆ ಬೆನ್ನು ಹಾಕಿಯೇ ನಿಲ್ಲುವುದು. ಜನರ ಮುಖ ನೋಡದಿದ್ದರೆ ಜನ ಹಾಡುವುದಿಲ್ಲ. ಹಾಗಾಗಿ ಅವನಿಗೆ ಗೋಲೂ ಕಾಣದು, ಫೌಲೂ ಕಾಣದು. ಅವನ ಕಣ್ಣು ಎಂದರೆ ನೊಬುವೊನ ಡೋಲು. ಮೂಲೆ ಒದೆತಕ್ಕೆ ಒಂದು ಬಡಿತ, ಗೋಲಿಗೆ ಒಂದು. ಆಟಗಾರನನ್ನು ಬದಲಿಸುವ ಬೋರ್ಡು ಎತ್ತಿದರೆ ಎಲ್ಲ ಹಾಡನ್ನೂ ಅರ್ಧಕ್ಕೆ ಕಡಿದು ಮೂರು ಭಾರದ ಬಡಿತ, ಒಂದರಿಂದೊಂದು ದೂರ. ಅದಕ್ಕೆ ಬೀಳ್ಕೊಡುವ ಬಡಿತ ಎಂದು ಹೆಸರು. ಅದು ಬಿದ್ದರೆ ಇಡೀ ಗ್ಯಾಲರಿ ಹೊರಬರುವವನ ಹೆಸರನ್ನು ಕೂಗುತ್ತದೆ, ದಣಿದು ಬಂದಿದ್ದೀಯ, ಸಾಕು ಬಾ ಎನ್ನುವ ಹಾಗೆ.

ಶನಿವಾರ ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಎದ್ದು ಕಡುಹಸಿರಿನ ಬಾವುಟಗಳನ್ನು ಕಂಬಕ್ಕೆ ಸುತ್ತುತ್ತಿತ್ತು. ಕೊಹೇಯಿ ಹಲಗೆಯ ಮೇಲಿಂದ ಬಗ್ಗಿ, “ಯಜಮಾನ್ರೇ, ಯಾಕೆ ಹಾಳು ಮೊಟ್ಟೆ ತಿಂದೋರ ಥರ ಇದ್ದೀರಾ? ಮುಖ್ಯ ಗ್ಯಾಲರೀಲಿ ನೋಡಿ, ಆ ಉದ್ದ ಮೂಗಿನೋನು. ಅವ್ನೇ ಬೆಲ್ಜಿಯಂ,” ಎಂದ.

“ನೋಡ್ದೆ.”

“ಇವತ್ತು ಇಬುಕಿ ಹೆಸ್ರು ಅವ್ನ ಕಿವೀಲಿ ಒಂದ್ ವಾರ ಗುಂಯ್ ಅನ್ಬೇಕು. ಕೈ ಸರಿ ಇದೆ ತಾನೆ?”

“ನನ್ನ ಕೈ ಸರಿ ಇದೆ.”

ಅಭ್ಯಾಸದ ಓಟಕ್ಕೆ ತಂಡ ಬಂದಾಗ ಒಬ್ಬೊಬ್ಬರ ಹೆಸರು ಕೂಗುವುದು, ಹೆಸರಿನವನು ಗ್ಯಾಲರಿಯ ಹತ್ತಿರಕ್ಕೆ ಓಡಿಬಂದು ತಲೆಬಾಗುವುದು ರೂಢಿ. ಇಬುಕಿ ಓಡಿಬಂದ. ತಲೆಬಾಗಿದ. ಏಳುವಾಗ ಅವನ ಕಣ್ಣು ನೇರ ಡೋಲಿನ ಕಡೆ ಬಂದು, ಮಾತು ನೆನಪಿದೆಯಾ ಎಂದು ಕೇಳಿ ಹೋಯಿತು.

ಮೊದಲರ್ಧದಲ್ಲಿ ಹುಡುಗ ಚೆನ್ನಾಗಿಯೇ ಆಡಿದ. ಅದೇ ನೊಬುವೊನ ಸಂಕಟವನ್ನು ಹೆಚ್ಚಿಸಿತು. ಒಂದು ಸಲ ಇಬ್ಬರ ನಡುವೆ ನುಸುಳಿ ಚೆಂಡನ್ನು ಎಷ್ಟು ಮೆತ್ತಗೆ ದಾಟಿಸಿದನೆಂದರೆ ಸಹ ಆಟಗಾರ ತಲೆ ಒಡ್ಡಿದ್ದೇ ಸಾಕಾಯಿತು, ಗೋಲು. ಉದ್ದ ಮೂಗಿನವನು ಪಕ್ಕದವನ ಕಿವಿಗೆ ಏನೋ ಹೇಳಿದ. ಸುತ್ತಲಿನವರು ಕುಣಿದರು, ಯಾರದೋ ಅಜ್ಜಿ ನೊಬುವೊನ ಬೆನ್ನಿಗೆ ಗುದ್ದಿದಳು. ಅವನೂ ಬಡಿದ. ಬಡಿಯುತ್ತ ಎಡಗಾಲನ್ನೇ ನೋಡುತ್ತಿದ್ದ. ನನ್ನದೇ ಭ್ರಮೆ ಇರಬಹುದು, ಹುಡುಗರ ಮೈ ಬೇಗ ಮಾಯುತ್ತದೆ ಎಂದುಕೊಂಡ. ವಿರಾಮದಲ್ಲಿ ಫುಸಾಎ ಕಟ್ಟಿಕೊಟ್ಟ ಅನ್ನದ ಉಂಡೆಯನ್ನು ಬಿಚ್ಚಿ, ಒಳಗಿನ ಹುಳಿ ಪ್ಲಮ್ಮನ್ನು ನೋಡಿ, ಹಾಗೇ ಮುಚ್ಚಿಟ್ಟ.

ಎರಡನೆಯರ್ಧದಲ್ಲಿ ಭ್ರಮೆ ಹರಿಯಿತು. ಇಬುಕಿ ತಿರುಗುವಾಗ ಬಲಕ್ಕೆ ಮಾತ್ರ ತಿರುಗುತ್ತಿದ್ದ. ಎಗರಿದರೆ ಒಂದೇ ಕಾಲಲ್ಲಿ ಇಳಿಯುತ್ತಿದ್ದ. ಚೆಂಡು ಹೊರಗೆ ಹೋದಾಗಲೆಲ್ಲ ಕಾಲುಚೀಲ ಸರಿಪಡಿಸುವ ನೆಪದಲ್ಲಿ ಬಗ್ಗಿ ಮಂಡಿ ಹಿಡಿದುಕೊಳ್ಳುತ್ತಿದ್ದ. ಬೆಂಚಿನ ಕಡೆ ಮುಖ ಬಂದರೆ ಸಾಕು, ನೆಟ್ಟಗಾಗಿ ಓಡುತ್ತಿದ್ದ. ಕೋಚಿಗೆ ಕಾಣುತ್ತಿದ್ದದ್ದು ಆ ಓಟ ಮಾತ್ರ. ಗೋಲಿನ ಹಿಂದೆ ಇದ್ದವರಿಗೆ ಅವನ ಬೆನ್ನು ಕಾಣುತ್ತಿತ್ತು, ಆದರೆ ಅವರೆಲ್ಲ ಹಾಡುತ್ತಿದ್ದರು.

ಎದುರಾಳಿ ತಂಡದ ದಪ್ಪ ರಕ್ಷಣಾ ಆಟಗಾರ ಅದನ್ನು ಕಂಡುಕೊಂಡಂತಿತ್ತು. ಎರಡು ಸಲ ಎಡಗಡೆಯಿಂದಲೇ ಭುಜ ಕೊಟ್ಟ. ಎರಡನೆಯ ಸಲ ಇಬುಕಿ ಬಿದ್ದು, ಎದ್ದು, ಏನೂ ಆಗಿಲ್ಲವೆಂದು ರೆಫರಿಗೆ ಕೈಯಾಡಿಸಿದ. ಅವನು ಎಡಗಾಲಿಗೆ ಭಾರ ಹಾಕದೆ ಎರಡೂ ಕೈ ನೆಲಕ್ಕೊತ್ತಿ ಎದ್ದದ್ದನ್ನು ನೊಬುವೊ ಕಂಡ. ಸಕಾಕುರ ಕುಸಿದ ದಿನ ಹುಲ್ಲಿನ ಮೇಲೆ ಎದ್ದ ಆ ಒಂದು ಕೂಗು ಅವನ ಕಿವಿಯಲ್ಲಿ ಮರಳಿ ಬಂತು.

ಮುಂದಿನದನ್ನು ಅವನು ಯೋಚಿಸಿ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೋಲು ಮೇಲೆ ಎತ್ತಿದಾಗ ಅವನಿಗೆ ಎಲ್ಲವೂ ಗೊತ್ತಿತ್ತು. ಹಾಡಿನ ನಟ್ಟನಡುವೆ ತಾಳವನ್ನು ಕಡಿದು ಬಡಿದ. ಒಂದು. ಎರಡು. ಮೂರು.

ಕೊಹೇಯಿ ಮೈದಾನದ ಕಡೆ ತಿರುಗಿ ನೋಡಲೂ ಇಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿದವನಲ್ಲ. ಹುಬ್ಬೇರಿಸಿ, ಯಾರು ಎಂದ. ನೊಬುವೊನ ಬಾಯಿಂದ “ಇಬುಕಿ” ಎಂದು ಬಂತು, ಮೆಗಾಫೋನು ಅದನ್ನು ಎತ್ತಿಕೊಂಡಿತು, ಗ್ಯಾಲರಿ ಎತ್ತಿಕೊಂಡಿತು. ಸಾವಿರಾರು ಗಂಟಲು. ಇಬುಕಿ! ಇಬುಕಿ! ಇಬುಕಿ!

ಹುಡುಗ ಈ ಬಡಿತವನ್ನು ಹಲ್ಲಿಲ್ಲದ ಕಾಲದಿಂದ ಕೇಳಿದವನು. ಬೋರ್ಡು ಎತ್ತಿದ್ದಾರೋ ಇಲ್ಲವೋ ಎಂದು ಅವನ ಕಣ್ಣು ಹುಡುಕುವ ಮೊದಲೇ ಮೈ ಕೇಳಿಸಿಕೊಂಡಿತ್ತು. ಬಿಗಿದಿದ್ದ ಭುಜ ಕೆಳಗಿಳಿಯಿತು. ಅಷ್ಟು ಹೊತ್ತೂ ಹಿಡಿದಿಟ್ಟದ್ದೆಲ್ಲ ಕೈಬಿಟ್ಟು ಅಂಚಿನ ಕಡೆ ನಡೆಯತೊಡಗಿದ, ಎಡಗಾಲನ್ನು ಎಳೆದುಕೊಂಡು, ಸೊಂಟವನ್ನು ಒಂದು ಕಡೆ ವಾಲಿಸಿಕೊಂಡು. ನಾಲ್ಕಾರು ಹೆಜ್ಜೆ ಇಟ್ಟ ಮೇಲೆ ತಲೆ ಎತ್ತಿದ. ಬೋರ್ಡು ಇಲ್ಲ. ಆಟ ನಡೆಯುತ್ತಲೇ ಇದೆ. ಬೆಚ್ಚಿ ನೆಟ್ಟಗಾಗಲು ನೋಡಿದ, ಆಗಲಿಲ್ಲ. ಅಂಚಿನಲ್ಲಿ ಕೋಚ್ ಬಾಯಿ ತೆರೆದು ಅವನ ಕಾಲನ್ನೇ ನೋಡುತ್ತ ನಿಂತಿದ್ದ. ಡಾಕ್ಟರು ಎದ್ದು ನಿಂತಿದ್ದರು. ಮುಖ್ಯ ಗ್ಯಾಲರಿಯಲ್ಲಿ ಉದ್ದ ಮೂಗಿನವನೂ ನೋಡುತ್ತಿದ್ದ.

ಬೋರ್ಡು ಆಮೇಲೆ ಎತ್ತಿದರು. ಬೀಳ್ಕೊಡುವ ಬಡಿತ ಎರಡನೆಯ ಸಲ ಬೀಳಲಿಲ್ಲ. ಹೊರಹೋಗುವಾಗ ಇಬುಕಿ ಗ್ಯಾಲರಿಯ ಕಡೆ ತಿರುಗಿ ತಲೆಬಾಗಲಿಲ್ಲ.

ಆಟ ಸಮವಾಯಿತು. ಜನ ಕಸ ಆರಿಸಿ ಚೀಲಕ್ಕೆ ತುಂಬುತ್ತಿದ್ದಾಗ ಕೊಹೇಯಿ ಹಲಗೆಯಿಂದ ಇಳಿದು ಬಂದ. ಮೆಗಾಫೋನು ಕೆಳಗಿಟ್ಟಿದ್ದ, ಅಂಚೆ ಕಚೇರಿಯ ದನಿ ಮರಳಿ ಬಂದಿತ್ತು.

“ಬೋರ್ಡ್ ಇರ್ಲಿಲ್ವಂತೆ.”

“ಇರ್ಲಿಲ್ಲ.”

“ತಪ್ಪು ಕಂಡ್ರಾ? ಕಣ್ಣಿಗೆ ಗಾಳಿ ಹೊಡೀತಾ? ಹೂಂ ಅಂದ್ಬಿಡಿ ಯಜಮಾನ್ರೇ, ಎಲ್ರಿಗೂ ಹಾಗೇ ಹೇಳ್ತೀನಿ.”

“ಸರಿಯಾಗೇ ಕಂಡೆ. ಅವ್ನ ಮಂಡಿ ಹೋಗ್ತಾ ಇತ್ತು. ನಂಗೆ ಮೊದ್ಲೇ ಗೊತ್ತಿತ್ತು.”

ಕೊಹೇಯಿ ತಿರುಗಿ ಖಾಲಿ ಮೈದಾನ ನೋಡಿದ. ಅಪರೂಪಕ್ಕೆ ನೋಡುತ್ತಿದ್ದ. “ನಾನು ಅದಕ್ಕೆ ಬೆನ್ನು ಹಾಕಿ ನಿಲ್ಲೋದು ನಿಮ್ಮನ್ನ ನಂಬ್ಕೊಂಡು. ಅವ್ನ ಹೆಸ್ರು ಕೂಗಿಸಿದ್ದು ನಾನು. ಅವ್ನ ಕಣ್ಣಲ್ಲಿ ನಾನೂ ಕಳ್ಳನೇ ಈಗ.”

ನೊಬುವೊ ಡೋಲಿನ ಕೋಲುಗಳನ್ನು ಟವೆಲಿನಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಕೊಹೇಯಿ ಬೇಡ ಎನ್ನದೆ ತೆಗೆದುಕೊಂಡ.

ಮುಂದಿನ ಎರಡು ವಾರ ಹಿಂಬಾಗಿಲು ತೆರೆಯಲಿಲ್ಲ. ಸಂಜೆಯ ಮುದುಕರು ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಇದೇ ಮಾತು. ಮಂಡಿಯೊಳಗೆ ಲಿಗಮೆಂಟು ಹರಿದಿದೆಯಂತೆ, ಆಪರೇಷನ್ನಂತೆ. ನೊಬುವೊ ಒಳ್ಳೇದು ಮಾಡಿದ ಅಂತ ಒಬ್ಬ, ಹುಡುಗನ ಭವಿಷ್ಯಕ್ಕೆ ಕಲ್ಲು ಹಾಕಿದ ಅಂತ ಇನ್ನೊಬ್ಬ, ಇಬ್ಬರೂ ಅವನಿಗೆ ಕೇಳಿಸಲಿ ಎಂದೇ. ಮುಂದಿನ ಪಂದ್ಯಕ್ಕೆ ಅವನು ಹೋಗಿದ್ದ, ಡೋಲಿಲ್ಲದೆ, ಹಿಂದಿನ ಸಾಲಿನಲ್ಲಿ. ಖಾಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಜೇಬಿಗೆ ಹಾಕಿ ತೆಗೆದು ಮಾಡಿದ. ಹಿಂಬಾಗಿಲ ಚಿಲಕವನ್ನು ಮಾತ್ರ ಒಂದು ದಿನವೂ ಹಾಕಲಿಲ್ಲ.

ಮೂರನೆಯ ವಾರದ ಬುಧವಾರ ಮುಂಬಾಗಿಲೇ ಸರಿಯಿತು. ಊರುಗೋಲು ಮೊದಲು ಒಳಬಂತು, ಹಿಂದೆ ಇಬುಕಿ. ಎಡಗಾಲಿಗೆ ತೊಡೆಯಿಂದ ಪಾದದವರೆಗೆ ಪಟ್ಟಿ.

“ಸ್ನಾನದಮನೆ ಇನ್ನೂ ತೆರ್ದಿಲ್ಲ,” ಎಂದ ನೊಬುವೊ. ಎರಡು ವಾರದಿಂದ ಸಿದ್ಧ ಮಾಡಿಟ್ಟುಕೊಂಡ ಮಾತು ಅದಲ್ಲ.

“ಗೊತ್ತು. ಪರದೆ ಇಲ್ಲ.”

“ಆಪರೇಷನ್ ಆಯ್ತಾ?”

“ಆಯ್ತು. ಅರ್ಧ ಹರಿದಿತ್ತಂತೆ. ಪೂರ್ತಿ ಹರಿದಿದ್ರೆ ಏನಾಗ್ತಿತ್ತು ಅಂತ ಕೇಳ್ದೆ. ಡಾಕ್ಟ್ರು ಊಟ ಆಯ್ತಾ ಅಂತ ಕೇಳಿದ್ರು.”

“ಮತ್ತೆ ಆಡಬಹುದಂತಾ?”

“ಆಡಬಹುದು ಅನ್ನಲ್ಲ, ಆಗಲ್ಲ ಅನ್ನಲ್ಲ. ಮುಂದಿನ ವರ್ಷ ನೋಡೋಣ ಅಂತಾರೆ.”

“ಆ ಬೆಲ್ಜಿಯಂನೋನು?”

“ದಕ್ಷಿಣದಲ್ಲಿ ಕ್ಯೂಶೂ ಕಡೆ ಇನ್ಯಾರನ್ನೋ ನೋಡೋಕೆ ಹೋದ್ನಂತೆ.” ಹುಡುಗ ಊರುಗೋಲಿನ ತುದಿಯಿಂದ ನೆಲ ಕುಟ್ಟಿದ. “ನಂಗಿನ್ನೂ ಕೋಪ ಇದೆ ಮಾವ. ಮಾತು ಕೊಟ್ಟಿದ್ರಿ.”

“ಕೊಟ್ಟಿದ್ದೆ.”

“ಒಂದು ಗಂಟೆ ಹೊತ್ತು ಹಲ್ಲು ಕಚ್ಕೊಂಡು ಓಡಿದ್ದೆ. ಆ ಬಡಿತ ಬಿದ್ದ ತಕ್ಷಣ, ಅಬ್ಬ ಮುಗೀತು ಅಂತ ಎಷ್ಟು ಹಾಯಾಯ್ತು ಗೊತ್ತಾ? ಅದಕ್ಕೇ ಕೋಪ ಜಾಸ್ತಿ.”

ನೊಬುವೊ ತಲೆ ತಗ್ಗಿಸಿದ. ಒಳಗಿಂದ ಫುಸಾಎ, “ಯಾರ್ರೀ ಅದು, ಬಾಗಿಲು ತೆಕ್ಕೊಂಡು ಗಾಳಿ ಬಿಡ್ತಿರೋದು?” ಎಂದು ಕೂಗಿದಳು.

“ನಾನು ಅತ್ತೆ,” ಎಂದು ಇಬುಕಿ ಕೂಗಿದ. ಆಮೇಲೆ ದನಿ ತಗ್ಗಿಸಿ, “ಪಟ್ಟಿ ನೆನೀಬಾರ್ದಂತೆ. ತಲೆ ಮಾತ್ರ ತೊಳ್ಕೋಬಹುದಾ? ಆಸ್ಪತ್ರೆ ವಾಸ್ನೆ ಹೋಗ್ತಾನೇ ಇಲ್ಲ.”

“ನಾನು ನೀರು ಹುಯ್ತೀನಿ. ನೀನು ಬಗ್ಗಿದ್ರೆ ಸಾಕು.”

ಹುಡುಗ ಗೋಡೆಗೊರಗಿ ಬಲಗಾಲಿನ ಬೂಟನ್ನು ಹೇಗೋ ಬಿಡಿಸಿಕೊಂಡ. ಎಲ್ಲ ಗಿರಾಕಿಗಳ ಹಾಗೆ, ಆ ಒಂದೇ ಬೂಟನ್ನು ಬಾಗಿಲ ಪಕ್ಕದ ಬೂಟಿನ ಗೂಡಿನಲ್ಲಿಟ್ಟು, ಗೂಡಿನ ಬಾಗಿಲು ಮುಚ್ಚಿ, ಅದರ ಬೀಗದ ಕೈಯಾದ ಮರದ ಬಿಲ್ಲೆಯನ್ನು ಎಳೆದುಕೊಂಡ. ಬೀಗ ಟಕ್ಕೆಂದು ಬಿತ್ತು.