ಕಡುಬು ಬಿದ್ದ ಕುಳಿ

ನಮ್ಮ ರೀಸ್ ಸೀಮೆಯ ಬೇಕರಿ ಯಜಮಾನರಾದ ಕ್ಯಾಸ್ಪರ್ ಹೋಯ್ಲೆಯವರಿಂದ ಸೋಲನ್ನು ಒಪ್ಪಿಸಿದವನು ಈ ಭೂಮಿಯ ಮೇಲೆ ನಾನೊಬ್ಬನೇ. ಆ ಸಾಧನೆಗೆ ನನ್ನ ಎರಡು ವರ್ಷಗಳೂ ಒಂದು ಹುಬ್ಬೂ ವ್ಯಯವಾದವು.

ನಮ್ಮ ಊರುಗಳಿರುವುದು ದುಂಡನೆಯ ಮಹಾಕುಳಿಯೊಂದರೊಳಗೆ. ಅದು ಆರಿದ ಜ್ವಾಲಾಮುಖಿಯೆಂದೇ ಹಿರಿಯರೆಲ್ಲ ನಂಬಿದ್ದರು. ಕ್ಯಾಸ್ಪರರಂತೂ 'ಜ್ವಾಲಾಮುಖಿ ವಾದ್ಯವೃಂದ'ದ ಅಧ್ಯಕ್ಷರು. ಅರವತ್ತರ ದಶಕದ ಆರಂಭದಲ್ಲಿ ವಿದ್ವಾಂಸರು ಬಂದು, ಕಲ್ಲುಗಳನ್ನು ಪರೀಕ್ಷಿಸಿ, ಇದು ಆಕಾಶದಿಂದ ಬಿದ್ದ ಬಂಡೆ ತೋಡಿದ ಕುಳಿಯೆಂದು ಸಾರಿದರು. ನಾನು ನಂಬಿದೆ, ಬಾಯಿಬಿಟ್ಟು ಹೇಳಿಯೂಬಿಟ್ಟೆ. ಕ್ಯಾಸ್ಪರರ ಮಗಳು ಕ್ರೆಸೆಂಟ್ಸ್ ನನ್ನನ್ನು ವರಿಸಲು ಸಿದ್ಧಳಿದ್ದಳು. ತಂದೆ ಸಿದ್ಧರಿರಲಿಲ್ಲ.

"ಬಂಡೆ ಬಿತ್ತು ಅಂತೀಯಲ್ಲ, ಎಲ್ಲೋ ಅದು?" ಎಂದು ಬಿಯರ್ ಮೇಜಿನ ಸುತ್ತ ನೆರೆದವರೆದುರು ಗುಡುಗಿದರು. "ಬೆಟ್ಟದಷ್ಟು ಕಲ್ಲನ್ನ ನಿಮ್ಮಜ್ಜ ಜೇಬಲ್ಲಿಟ್ಕೊಂಡು ಹೋದ್ನಾ?"

"ಬಿದ್ದ ರಭಸಕ್ಕೆ ಆವಿಯಾಗೋಯ್ತು, ಯಜಮಾನ್ರೇ."

"ಆವಿಯಾಗಕ್ಕೆ ಅದೇನು ಸೂಪಾ? ಬಿದ್ದದ್ದು ಮಾಯ ಆಗೋದನ್ನ ನನ್ ಕಣ್ಣಿಗೆ ತೋರ್ಸು, ಮಗಳನ್ನ ಕೊಡ್ತೀನಿ!"

ಎರಡು ವರ್ಷ ವಾದಿಸಿ ಸೋತೆ. ಕೊನೆಗೆ ವಾದ್ಯವೃಂದದ ವಾರ್ಷಿಕೋತ್ಸವ ಬಂತು. ಅಂಥ ದಿನ ಸದ್ದಿಗೆಂದೇ ಹಾರಿಸುವ ಪುಟ್ಟ ಫಿರಂಗಿಯೊಂದು ನಮ್ಮಲ್ಲಿದೆ. ಅದರಲ್ಲಿ ಮದ್ದಲ್ಲದೆ ಬೇರೇನನ್ನೂ ತುಂಬುವ ರೂಢಿಯಿಲ್ಲ. ಹಾರಿಸುವವನು ನಾನು. ಬಿದ್ದದ್ದು ಮಾಯವಾಗುವುದನ್ನು ಈಗಲೇ ತೋರಿಸುತ್ತೇನೆಂದು ಯಜಮಾನರಿಗೆ ಹೇಳಿ, ಮದ್ದಿನ ಮೇಲೆ ಕ್ರೆಸೆಂಟ್ಸ್ ಮಾಡಿದ ಹಳೆ ಬ್ರೆಡ್ಡಿನ ಕಡುಬೊಂದನ್ನು ಇಳಿಬಿಟ್ಟೆ. ಗುರಿಗೆಂದು ಯಜಮಾನರೇ ಹಿಟ್ಟಿನ ತೊಟ್ಟಿಯನ್ನು ತಂದಿಟ್ಟರು.

"ಹೊಡಿಯೋ! ಬಂಡೆ ಮಾಯ ಆದ್ರೂ ನನ್ ಮಗಳ ಕಡುಬು ಮಾಯ ಆಗಲ್ಲ. ನನ್ ಹಲ್ಲೇ ಸೋತಿದೆ ಅದರ ಮುಂದೆ."

"ಅಪ್ಪಾ, ಇದು ಹೊಗಳಿಕೇನಾ?"

ಹಾರಿಸಿದೆ. ನನ್ನ ಎಡಹುಬ್ಬು ಸುಟ್ಟಿತು. ಲೋಕ ಬೆಳ್ಳಗಾಯಿತು. ಧೂಳಡಗಿದಾಗ ವಾದ್ಯವೃಂದವೆಲ್ಲ ಹಿಟ್ಟಿನ ಗೊಂಬೆಗಳ ಸಾಲಿನಂತೆ ನಿಂತಿತ್ತು. ದೊಡ್ಡ ಕಹಳೆಯವನು ಒಳಗೆ ಸೇರಿದ ಹಿಟ್ಟನ್ನು ಹೊರಹಾಕಲು ಊದಿದರೆ ಇನ್ನೊಂದು ಮೋಡ ಎದ್ದಿತು. ತೊಟ್ಟಿಯ ನಡುವೆ, ಅಂಚು ಉಬ್ಬಿದ, ದುಂಡನೆಯ ಕುಳಿ. ಅದರಲ್ಲಿ ಏನೂ ಇರಲಿಲ್ಲ.

ಯಜಮಾನರು ಮಂಡಿಯೂರಿ, ಮೊಣಕೈವರೆಗೂ ಹಿಟ್ಟಿಗಿಳಿದು ಹುಡುಕಿದರು.

"ಕಡುಬೆಲ್ಲೋ?"

"ಬಂಡೆ ಹೋದಲ್ಲಿಗೇ, ಯಜಮಾನ್ರೇ."

ಕ್ರೆಸೆಂಟ್ಸ್ ತಂದೆಯ ಮೀಸೆಯಿಂದ ಒಂದು ಚೂರನ್ನು ಹೆಕ್ಕಿ, "ಇಗೋ ಅಪ್ಪಾ, ಇಷ್ಟು ಉಳಿದಿದೆ" ಎಂದಳು. ಅವರು ಅದನ್ನು ಬಾಯಿಗಿಟ್ಟು ಗಂಭೀರವಾಗಿ ಅಗಿದರು. ಊರೆಲ್ಲ ಉಸಿರು ಬಿಗಿಹಿಡಿಯಿತು.

"ಇವಳದ್ದೇ," ಎಂದರು ಕಡೆಗೆ. "ಕರ್ಕೊಂಡು ಹೋಗೋ ಅಳಿಯಾ. ಹಲ್ಲು ಜೋಪಾನ."

ಈ ವೃತ್ತಾಂತವನ್ನು ಇಷ್ಟೇ ಗಾಂಭೀರ್ಯದಿಂದ ನಿನ್ನೆಯೂ ಮುಗಿಸಿದೆ. ಮೊಮ್ಮಗಳು ಮೆಖ್ಟಿಲ್ಡ್ ನಕ್ಕೂ ನಕ್ಕೂ ಬಿಕ್ಕಳಿಸುತ್ತ ನನ್ನ ತೋಳು ಜಗ್ಗಿದಳು.

"ತಾತಾ, ಇನ್ನೊಂದ್ಸಲ! ಮೊದಲಿಂದ ಹೇಳು!"